ಪೋರ್ಟ್ರೇಟ್‌ಗೆ ಥರ್ಡ್ ಪಾರ್ಟಿ ಪ್ರೈಮ್ ಲೆನ್ಸ್: ಕೊಳ್ಳುವ ಮುಂಚೆ ಏನು ನೋಡಬೇಕು

ನನ್ನ ಕಂಪ್ಯೂಟರ್‌ನಲ್ಲಿ ಒಂದು ಫೋಟೊ ಇದೆ. ಅಕ್ಕನ ಮಗಳು ಕಿಟಕಿ ಪಕ್ಕ ಕೂತು ಏನನ್ನೋ ನೋಡಿ ನಗುತ್ತಿದ್ದಾಳೆ. ಬೆಳಕು ಚೆನ್ನಾಗಿದೆ, ನಗು ಇನ್ನೂ ಚೆನ್ನಾಗಿದೆ. ದೊಡ್ಡದು ಮಾಡಿ ನೋಡಿದಾಗ ಎಡವಟ್ಟು ಗೊತ್ತಾಗುತ್ತದೆ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದು, ಅದರ ಹಿಂದಿನ ಕಣ್ಣು ಮಾತ್ರ ಮಂಜುಮಂಜು. ಅವತ್ತು ತೆಗೆದ ನಲವತ್ತು ಚಿಲ್ಲರೆ ಫೋಟೊಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ.

ಲೆನ್ಸ್ ಹೊಸದು. 85 ಎಂಎಂ, ಎಫ್ 1.4, ಥರ್ಡ್ ಪಾರ್ಟಿಯದು. ಕೊಳ್ಳುವ ಮುಂಚೆ ವಾರಗಟ್ಟಲೆ ಶಾರ್ಪ್‌ನೆಸ್ ಚಾರ್ಟ್ ನೋಡಿದ್ದೆ. ಚಾರ್ಟ್‌ನಲ್ಲಿ ಅದು ದುಬಾರಿ ಲೆನ್ಸ್‌ಗಳ ಪಕ್ಕದಲ್ಲೇ ನಿಂತಿತ್ತು. ಆದರೆ ಚಾರ್ಟ್‌ಗೆ ರೆಪ್ಪೆ ಇರಲ್ಲ, ಅದು ನಗುತ್ತಾ ಅತ್ತಿತ್ತ ಅಲ್ಲಾಡುವುದೂ ಇಲ್ಲ. ಮೂರ್ನಾಲ್ಕು ತಿಂಗಳಾದ ಮೇಲೆ ತಯಾರಕರು ಒಂದು ಫರ್ಮ್‌ವೇರ್, ಅಂದರೆ ಲೆನ್ಸ್ ಒಳಗೆ ಓಡುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ, ಬಿಟ್ಟರು. ಅದನ್ನು ಹಾಕಿದ ದಿನದಿಂದ ಅದೇ ಲೆನ್ಸ್, ಅದೇ ಗಾಜು, ಕಣ್ಣನ್ನು ಸರಿಯಾಗಿ ಹಿಡಿಯತೊಡಗಿತು.

ಅವತ್ತಿನಿಂದ ನಾನು ಲೆನ್ಸ್ ನೋಡುವ ಕ್ರಮವೇ ಬದಲಾಯಿತು. ಈಗ ಬರುವ ಹೆಚ್ಚುಕಡಿಮೆ ಎಲ್ಲಾ ಪೋರ್ಟ್ರೇಟ್ ಪ್ರೈಮ್‌ಗಳೂ ಮುಖಕ್ಕೆ ಬೇಕಾದಷ್ಟು ಶಾರ್ಪ್ ಆಗಿಯೇ ಇವೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆಗಳು ಬೇರೆ. ಈ ಲೆನ್ಸ್ ನನ್ನ ಕ್ಯಾಮೆರಾ ಜೊತೆ ಎಷ್ಟು ಚೆನ್ನಾಗಿ ಮಾತಾಡುತ್ತದೆ? ಹಿನ್ನೆಲೆಯನ್ನು ಹೇಗೆ ಮಸುಕು ಮಾಡುತ್ತದೆ? ಇದನ್ನು ನಾನು ನಿಜವಾಗಲೂ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗ್ತೀನಾ?

ಥರ್ಡ್ ಪಾರ್ಟಿ ಅಂದರೆ ಕ್ಯಾಮೆರಾ ಮಾಡಿದ ಕಂಪನಿ ಬಿಟ್ಟು ಬೇರೆಯವರು ಮಾಡಿದ ಲೆನ್ಸ್. ಜಪಾನಿನ ಸಿಗ್ಮಾ ಮತ್ತು ಟ್ಯಾಮ್ರಾನ್, ಕೊರಿಯಾದ ಸಮ್ಯಾಂಗ್, ಚೀನಾದ ವಿಲ್ಟ್ರಾಕ್ಸ್, ಮೈಕೆ, ಟಿಟಿಆರ್ಟಿಸನ್ ಇವೆಲ್ಲ ಆ ಸಾಲಿನವು. ಪ್ರೈಮ್ ಅಂದರೆ ಝೂಮ್ ಇಲ್ಲದ, ಒಂದೇ ಫೋಕಲ್ ಲೆಂತ್ ಇರುವ ಲೆನ್ಸ್. ಫೋಕಲ್ ಲೆಂತ್ ಅಂದರೆ ಎಂಎಂನಲ್ಲಿ ಹೇಳುವ ಅಳತೆ, ಅದು ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಅಂದಹಾಗೆ, ಪೋರ್ಟ್ರೇಟ್‌ಗೆಂದೇ ಲೆಕ್ಕ ಹಾಕಿ ಮಾಡಿದ ಮೊದಲ ಹೆಸರಾಂತ ಲೆನ್ಸ್ ಬಂದದ್ದು 1840ರಲ್ಲಿ. ಅದನ್ನು ರೂಪಿಸಿದ ಜೋಸೆಫ್ ಪೆಟ್ಸ್‌ವಾಲ್ ಕ್ಯಾಮೆರಾ ಮಾಡುವವರಲ್ಲ, ಗಣಿತದ ಮೇಷ್ಟ್ರು. ತಯಾರಿಸಿದ್ದು ಫೋಕ್ಟ್‌ಲೆಂಡರ್ ಕಂಪನಿ. ಹೊರಗಿನವರ ಕೈವಾಡ ಈ ಕೆಲಸದಲ್ಲಿ ಮೊದಲಿನಿಂದಲೂ ಇದೆ.

ಎಷ್ಟು ಎಂಎಂ?

ಪೋರ್ಟ್ರೇಟ್ ಅಂದ ಕೂಡಲೇ ಎಲ್ಲರ ಬಾಯಲ್ಲೂ 85 ಎಂಎಂ. ಆ ಸಂಖ್ಯೆಯಲ್ಲಿ ಮಾಯೆ ಏನೂ ಇಲ್ಲ. ಫೋಟೊದಲ್ಲಿ ಮುಖದ ಆಕಾರ ಹೇಗೆ ಬರುತ್ತದೆ ಅನ್ನುವುದು ನೀವು ಎಷ್ಟು ದೂರ ನಿಂತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಅಂತ ಇಟ್ಟುಕೊಳ್ಳಿ. ನೀವು ಮೂಗಿನಿಂದ 60 ಸೆಂ.ಮೀ. ದೂರದಲ್ಲಿ ನಿಂತರೆ ಕಿವಿ 72 ಸೆಂ.ಮೀ. ದೂರದಲ್ಲಿರುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 20ರಷ್ಟು ಉಬ್ಬಿ ಕಾಣುತ್ತದೆ. ಮೊಬೈಲ್ ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುವುದು ಇದಕ್ಕೇ. ಅದೇ 2 ಮೀಟರ್ ಹಿಂದೆ ಹೋಗಿ. ಈಗ ಮೂಗು 200, ಕಿವಿ 212. ವ್ಯತ್ಯಾಸ ಶೇಕಡಾ 6ಕ್ಕೆ ಇಳಿಯಿತು. ಮುಖ ನಮಗೆ ಪರಿಚಯದ ಮುಖದ ಹಾಗೆ ಕಾಣುತ್ತದೆ. ಎದುರುಬದುರು ಕೂತು ಮಾತಾಡುವಾಗ ನಾವು ಒಬ್ಬರನ್ನೊಬ್ಬರು ನೋಡುವುದೂ ಹೆಚ್ಚುಕಡಿಮೆ ಇಷ್ಟೇ ದೂರದಿಂದ ಅಲ್ವಾ?

ಹಾಗೆ ಒಂದೂವರೆ ಎರಡು ಮೀಟರ್ ದೂರದಲ್ಲಿ ನಿಂತಾಗ ತಲೆ ಮತ್ತು ಭುಜ ಚೌಕಟ್ಟಿನ ತುಂಬ ಬರಬೇಕು. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮ್‌ನ ಚೌಕಟ್ಟಿನಷ್ಟೇ ದೊಡ್ಡ) ಸೆನ್ಸರ್‌ನಲ್ಲಿ ಅದನ್ನು ಮಾಡಿಕೊಡುವುದು ಸುಮಾರು 85 ಎಂಎಂ. ಅಷ್ಟೇ ಗುಟ್ಟು.

ಸೆನ್ಸರ್ ಚಿಕ್ಕದಾದರೆ ಸಂಖ್ಯೆಯೂ ಚಿಕ್ಕದಾಗುತ್ತದೆ. ಸೋನಿ, ನಿಕಾನ್, ಫ್ಯೂಜಿಫಿಲ್ಮ್‌ಗಳ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗಳಲ್ಲಿ 1.5ರಿಂದ ಗುಣಿಸಬೇಕು. 56 ಎಂಎಂ ಲೆನ್ಸ್ ಅಲ್ಲಿ 84 ಎಂಎಂ ನೋಟ ಕೊಡುತ್ತದೆ. ಕ್ಯಾನನ್ ಎಪಿಎಸ್-ಸಿಯಲ್ಲಿ 1.6, ಇನ್ನೂ ಚಿಕ್ಕ ಸೆನ್ಸರ್ ಆದ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2. ಥರ್ಡ್ ಪಾರ್ಟಿಗಳ ಪಟ್ಟಿಯಲ್ಲಿ 56 ಅನ್ನುವ ವಿಚಿತ್ರ ಸಂಖ್ಯೆ ಪದೇ ಪದೇ ಯಾಕೆ ಕಾಣುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಜಾಗದ ಮಾತು. ಆಳೆತ್ತರದ ಫೋಟೊ ಬೇಕು, ಚೌಕಟ್ಟಿನ ಎತ್ತರ 2 ಮೀಟರ್ ಅಂದುಕೊಳ್ಳಿ. ಕ್ಯಾಮೆರಾ ಉದ್ದುದ್ದ ಹಿಡಿದರೂ 85 ಎಂಎಂನಲ್ಲಿ ನೀವು ಸುಮಾರು 4.8 ಮೀಟರ್ ಹಿಂದೆ ಹೋಗಬೇಕು. 135 ಎಂಎಂ ಆದರೆ ಏಳೂವರೆ ಮೀಟರ್. ಸಾಮಾನ್ಯ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. ನಿಮ್ಮ ಫೋಟೊಗಳಲ್ಲಿ ಮುಕ್ಕಾಲು ಪಾಲು ಮನೆಯೊಳಗೇ ಆಗುವುದಾದರೆ 85ಕ್ಕಿಂತ 50 ಎಂಎಂ ಹೆಚ್ಚು ಕೆಲಸಕ್ಕೆ ಬರುತ್ತದೆ. 135 ಬಯಲಿನ ಲೆನ್ಸ್. ಹಿನ್ನೆಲೆಯನ್ನು ಕರಗಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಎದುರಿಗಿದ್ದವರ ಜೊತೆ ಮಾತಾಡಲು ಗಂಟಲು ಹರಿದುಕೊಳ್ಳಬೇಕು. ಮಾತಾಡಿಸುತ್ತಾ ಫೋಟೊ ತೆಗೆಯುವ ಅಭ್ಯಾಸ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ನಿಮ್ಮ ಹತ್ತಿರ ಕ್ಯಾಮೆರಾ ಜೊತೆಗೇ ಬರುವ ಕಿಟ್ ಝೂಮ್ ಲೆನ್ಸ್ ಇದ್ದರೆ ಒಂದು ಉಪಾಯ ಇದೆ. ಹಳೆಯ ಪೋರ್ಟ್ರೇಟ್‌ಗಳನ್ನೆಲ್ಲ ತೆರೆದು, ಯಾವ ಫೋಕಲ್ ಲೆಂತ್‌ನಲ್ಲಿ ತೆಗೆದಿದ್ದೀರಿ ಅಂತ ನೋಡಿ. ಝೂಮ್‌ನ ಕೊನೆಗೆ ಹೋಗಿ ಅಂಟಿಕೊಂಡಿದ್ದರೆ ಉದ್ದದ ಲೆನ್ಸ್ ಬೇಕು ಅಂತ ಅರ್ಥ. 35ರಿಂದ 50ರ ಆಸುಪಾಸಿನಲ್ಲೇ ಓಡಾಡಿದ್ದರೆ 85 ಕೊಂಡು ಪರದಾಡುತ್ತೀರಿ.

ಎಫ್ 1.4 ಯಾಕೆ, ಎಫ್ 1.8 ಸಾಲದೇ?

ಎಫ್ ಸಂಖ್ಯೆ ಒಂದು ಭಾಗಾಕಾರ. ಫೋಕಲ್ ಲೆಂತ್ ಅನ್ನು ಅದರಿಂದ ಭಾಗಿಸಿದರೆ ಅಪರ್ಚರ್‌ನ ಅಗಲ ಸಿಗುತ್ತದೆ. ಎದುರಿಂದ ಲೆನ್ಸ್ ಒಳಗೆ ಇಣುಕಿದಾಗ ಕಾಣುವ ಕಿಂಡಿಯ ಅಗಲ ಅದು. 85 ಭಾಗಿಸು 1.4 ಅಂದರೆ ಸುಮಾರು 61 ಮಿ.ಮೀ. 85 ಭಾಗಿಸು 1.8 ಅಂದರೆ 47 ಮಿ.ಮೀ.

ಈ ಮಿಲಿಮೀಟರ್ ಲೆಕ್ಕ ನನಗೆ ತುಂಬ ಇಷ್ಟ, ಯಾಕೆಂದರೆ ಅದನ್ನು ಫೋಟೊದಲ್ಲೇ ಕಣ್ಣಾರೆ ನೋಡಬಹುದು. ರಾತ್ರಿ ಹೊತ್ತು, ಯಾರೋ ಎದುರಿಗೆ ನಿಂತಿದ್ದಾರೆ, ಅವರ ಹಿಂದೆ ತುಂಬಾ ದೂರದಲ್ಲಿ ಒಂದು ದೀಪ ಇದೆ ಅಂದುಕೊಳ್ಳಿ. ಆ ದೀಪ ಫೋಟೊದಲ್ಲಿ ಮಸುಕಾದ ಬೆಳಕಿನ ಬಿಲ್ಲೆಯಾಗಿ ಬರುತ್ತದೆ. ಆ ಬಿಲ್ಲೆ ಎಷ್ಟು ದೊಡ್ಡದು? ನಿಮ್ಮ ಅಪರ್ಚರ್ ಎಷ್ಟು ಅಗಲವೋ ಅಷ್ಟೇ ಅಗಲದ ತಟ್ಟೆಯನ್ನು ಆ ವ್ಯಕ್ತಿಯ ಕೆನ್ನೆಯ ಪಕ್ಕದಲ್ಲಿ ಹಿಡಿದರೆ ಹೇಗೆ ಕಾಣುತ್ತದೋ, ಅಷ್ಟು. ಮುಖದ ಅಗಲ ಸುಮಾರು 15 ಸೆಂ.ಮೀ. ಅಂದುಕೊಂಡರೆ, 85 ಎಂಎಂ ಎಫ್ 1.4ರಲ್ಲಿ ಬಿಲ್ಲೆ ಮುಖದ ಅಗಲದ ಐದನೇ ಎರಡು ಭಾಗ. ಎಫ್ 1.8ರಲ್ಲಿ ಮೂರನೇ ಒಂದು ಭಾಗಕ್ಕಿಂತ ಕೊಂಚ ಕಡಿಮೆ. ನೀವು ಹತ್ತಿರ ಹೋದರೂ ದೂರ ಬಂದರೂ ಮುಖದ ಜೊತೆಗಿನ ಈ ಅಳತೆ ಬದಲಾಗಲ್ಲ.

ಈ ಒಂದು ಲೆಕ್ಕ ಇಟ್ಟುಕೊಂಡರೆ ಯಾವ ಎರಡು ಲೆನ್ಸ್‌ಗಳನ್ನು ಬೇಕಾದರೂ ಹೋಲಿಸಬಹುದು. ಎಪಿಎಸ್-ಸಿಯ 56 ಎಂಎಂ ಎಫ್ 1.4: 40 ಮಿ.ಮೀ. ವಿಲ್ಟ್ರಾಕ್ಸ್‌ನವರ 75 ಎಂಎಂ ಎಫ್ 1.2: 62 ಮಿ.ಮೀ. ಚಿಲ್ಲರೆ. 135 ಎಂಎಂ ಎಫ್ 1.8: 75 ಮಿ.ಮೀ. 50 ಎಂಎಂ ಎಫ್ 1.8: ಬರೀ 28 ಮಿ.ಮೀ. ಎಪಿಎಸ್-ಸಿಯ 56 ಎಂಎಂ ಎಫ್ 1.4, ಫುಲ್ ಫ್ರೇಮ್‌ನ 85 ಎಂಎಂ ಎಫ್ 1.4ರಷ್ಟು ಹಿನ್ನೆಲೆ ಕರಗಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಸುಕಿನ ಮಟ್ಟಿಗೆ ಅದು ಫುಲ್ ಫ್ರೇಮ್‌ನ ಎಫ್ 2ರ ಆಸುಪಾಸು. ಬೆಳಕಿನ ವಿಷಯದಲ್ಲಿ ಮಾತ್ರ ಎಫ್ 1.4 ಎಲ್ಲಿದ್ದರೂ ಎಫ್ 1.4ಏ, ಶಟರ್ ವೇಗ ಅಷ್ಟೇ ಸಿಗುತ್ತದೆ.

ಬೆಳಕಿನಲ್ಲಿ 1.4ಕ್ಕೂ 1.8ಕ್ಕೂ ಇರುವ ಅಂತರ ಮುಕ್ಕಾಲು ಸ್ಟಾಪ್ ಕೂಡ ಆಗಲ್ಲ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಈಗಿನ ಸೆನ್ಸರ್‌ಗಳಿಗೆ ಅದು ದೊಡ್ಡ ವಿಷಯವೇ ಅಲ್ಲ. ಹಾಗಾಗಿ ಎಫ್ 1.4ಗೆ ದುಡ್ಡು ಕೊಡುವುದಾದರೆ ಮಸುಕಿಗೆ ಕೊಡುತ್ತಿದ್ದೇನೆ ಅಂತ ಗೊತ್ತಿದ್ದು ಕೊಡಿ.

ಆ ಮಸುಕಿಗೆ ಇನ್ನೊಂದು ಬೆಲೆಯೂ ಇದೆ. 85 ಎಂಎಂ ಎಫ್ 1.4ರಲ್ಲಿ, 1.5 ಮೀಟರ್ ದೂರದಲ್ಲಿ, ಫೋಕಸ್‌ನಲ್ಲಿರುವ ಪದರದ ದಪ್ಪ ಸಾಮಾನ್ಯ ಲೆಕ್ಕದಲ್ಲಿ ಸುಮಾರು 2.6 ಸೆಂ.ಮೀ. ಎಫ್ 1.8ರಲ್ಲಿ 3.3, ಎಫ್ 2.8ರಲ್ಲಿ 5ರ ಮೇಲೆ. ಎರಡು ಕಣ್ಣುಗಳ ನಡುವಿನ ದೂರ ಸುಮಾರು 6 ಸೆಂ.ಮೀ. ಮುಖವನ್ನು 30 ಡಿಗ್ರಿ ತಿರುಗಿಸಿದರೆ ಒಂದು ಕಣ್ಣು ಇನ್ನೊಂದಕ್ಕಿಂತ 3 ಸೆಂ.ಮೀ. ಹಿಂದೆ ಹೋಗುತ್ತದೆ. ಅಂದರೆ ಹತ್ತಿರದ ಕಣ್ಣಿಗೆ ಫೋಕಸ್ ಮಾಡಿದರೆ ಎಫ್ 1.4ರಲ್ಲಿ ದೂರದ ಕಣ್ಣು ಮಸುಕೇ. ಅದೂ ಈ ಲೆಕ್ಕ ಮಾಮೂಲಿ ಪ್ರಿಂಟ್ ನೋಡುವವರಿಗಾಗಿ ಇರುವುದು. ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನೋಡುವ ನಮ್ಮಂಥವರಿಗೆ ಆ ಪದರ ಇನ್ನೂ ತೆಳು. ರೆಪ್ಪೆಯ ತುದಿಯಿಂದ ಕಣ್ಣಿನ ಪಾಪೆಗೆ ಇರುವ ಒಂದು ಸೆಂ.ಮೀ. ಆಸುಪಾಸಿನ ಅಂತರವೂ ಎದ್ದು ಕಾಣುವುದು ಅದಕ್ಕೇ. ನನ್ನ ಅಕ್ಕನ ಮಗಳ ಫೋಟೊ ಕೆಟ್ಟದ್ದು ಅಷ್ಟರಲ್ಲೇ.

ಲೆನ್ಸ್ ಮತ್ತು ಕ್ಯಾಮೆರಾ ಏನು ಮಾತಾಡಿಕೊಳ್ಳುತ್ತವೆ

ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಫೋಕಸ್ ಲೆಕ್ಕ ಹಾಕುವುದು ಸೆನ್ಸರ್. ಕಣ್ಣು ಎಲ್ಲಿದೆ ಅಂತ ಗುರುತಿಸುವುದೂ ಕ್ಯಾಮೆರಾ. ಆದರೆ ಗಾಜನ್ನು ಸರಿಸುವ ಮೋಟರ್ ಲೆನ್ಸ್ ಒಳಗಿದೆ. ಹಿಂಬದಿಯ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳ ಮೂಲಕ ಕ್ಯಾಮೆರಾ ‘ಇಷ್ಟು ಮುಂದೆ ಹೋಗು’ ಅನ್ನುತ್ತದೆ. ಲೆನ್ಸ್ ‘ಹೋದೆ, ಈಗ ಇಲ್ಲಿದ್ದೇನೆ’ ಅನ್ನುತ್ತದೆ. ಒಂದು ಸೆಕೆಂಡಿನಲ್ಲಿ ಈ ಮಾತುಕತೆ ಎಷ್ಟೋ ಸಲ ನಡೆಯುತ್ತದೆ. ಲೆನ್ಸ್ ಕೊಡುವ ಉತ್ತರ ಸ್ವಲ್ಪ ತಪ್ಪಾದರೂ, ತಡವಾದರೂ, ಕಣ್ಣಿಗೆ ಹೋಗಬೇಕಾದ ಫೋಕಸ್ ರೆಪ್ಪೆಯ ಮೇಲೆ ನಿಲ್ಲುತ್ತದೆ.

ಕ್ಯಾಮೆರಾ ಕಂಪನಿಯ ಸ್ವಂತ ಲೆನ್ಸ್‌ಗೆ ಈ ಭಾಷೆ ಹುಟ್ಟಿನಿಂದ ಬರುತ್ತದೆ. ಥರ್ಡ್ ಪಾರ್ಟಿಗೆ ಎರಡು ದಾರಿ. ಒಂದು, ಲೈಸೆನ್ಸ್ ಪಡೆದು ಕ್ಯಾಮೆರಾ ಕಂಪನಿಯಿಂದಲೇ ಭಾಷೆ ಕಲಿಯುವುದು. ಇನ್ನೊಂದು, ಲೆನ್ಸ್ ಮತ್ತು ಕ್ಯಾಮೆರಾ ಮಾತಾಡುವುದನ್ನು ಕದ್ದು ಕೇಳಿ ಅರ್ಥ ಮಾಡಿಕೊಳ್ಳುವುದು. ಎರಡನೇ ದಾರಿಯಲ್ಲಿ ಕಲಿತವರೂ ಚೆನ್ನಾಗಿ ಮಾತಾಡಬಲ್ಲರು. ಆದರೆ ಕ್ಯಾಮೆರಾ ಕಂಪನಿ ನಾಳೆ ಒಂದು ಹೊಸ ಪದ ಸೇರಿಸಿತು ಅನ್ನಿ, ಇವರು ತಬ್ಬಿಬ್ಬು.

ಆದ್ದರಿಂದ ನಿಮ್ಮ ಮೌಂಟ್ (ಲೆನ್ಸ್ ಬಂದು ಕೂರುವ ಕ್ಯಾಮೆರಾದ ಬಾಯಿ, ಒಂದೊಂದು ಕಂಪನಿಯದು ಒಂದೊಂದು ಥರ) ಯಾವುದು ಅನ್ನುವುದರ ಮೇಲೆ ನಿಮ್ಮ ಆಯ್ಕೆ ಎಷ್ಟು ದೊಡ್ಡದು ಅನ್ನುವುದು ನಿಂತಿದೆ. ಸೋನಿ ಇ-ಮೌಂಟ್ ಬಂದದ್ದು 2010ರಲ್ಲಿ. ಮರುವರ್ಷವೇ, 2011ರಲ್ಲಿ, ಅದರ ಮೂಲ ವಿವರಗಳನ್ನು ಬೇರೆ ತಯಾರಕರಿಗೆ ಕೊಡುವುದಾಗಿ ಸೋನಿ ಹೇಳಿತು. ಇವತ್ತು ಇ-ಮೌಂಟ್‌ನವರಿಗೆ ಸಿಗುವಷ್ಟು ಥರ್ಡ್ ಪಾರ್ಟಿ ಲೆನ್ಸ್ ಮತ್ತೊಬ್ಬರಿಗೆ ಸಿಗಲ್ಲ, ಅದರ ಬೇರು ಅಲ್ಲಿದೆ. ಎಲ್-ಮೌಂಟ್‌ನವರ ಕಥೆ ಬೇರೆ. 2018ರಲ್ಲಿ ಲೈಕಾ, ಪ್ಯಾನಸಾನಿಕ್, ಸಿಗ್ಮಾ ಮೂವರೂ ಕೂಡಿ ಒಕ್ಕೂಟ ಕಟ್ಟಿಕೊಂಡರು. ಹಾಗಾಗಿ ಅಲ್ಲಿ ಸಿಗ್ಮಾ ಮನೆಯವರೇ. ಫ್ಯೂಜಿಫಿಲ್ಮ್‌ನ ಎಕ್ಸ್-ಮೌಂಟ್‌ಗೆ 2021ರಲ್ಲಿ ಟ್ಯಾಮ್ರಾನ್, 2022ರಲ್ಲಿ ಸಿಗ್ಮಾ ಬಂದವು. ನಿಕಾನ್ ಝಡ್‌ಗೆ 2022ರಲ್ಲಿ ಟ್ಯಾಮ್ರಾನ್ ಬಂತು. 2023ರಲ್ಲಿ ಸಿಗ್ಮಾ ತನ್ನ ಎಪಿಎಸ್-ಸಿ ಪ್ರೈಮ್‌ಗಳಾದ 16, 30, 56 ಎಂಎಂ ಮೂರನ್ನೂ ತಂದಿತು.

ಕ್ಯಾನನ್‌ನ ಮಿರರ್‌ಲೆಸ್ ಮೌಂಟ್ ಆದ ಆರ್‌ಎಫ್‌ನ ಬಾಗಿಲು ತುಂಬ ದಿನ ಮುಚ್ಚಿತ್ತು. 2022ರಲ್ಲಿ ವಿಲ್ಟ್ರಾಕ್ಸ್ ತನ್ನ ಆಟೋಫೋಕಸ್ ಆರ್‌ಎಫ್ ಲೆನ್ಸ್‌ಗಳ ಮಾರಾಟ ನಿಲ್ಲಿಸಬೇಕಾಯಿತು. ಪೇಟೆಂಟ್ ಉಲ್ಲಂಘನೆ ಅನ್ನುವುದು ಕ್ಯಾನನ್ ವಾದ. 2024ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಲೈಸೆನ್ಸ್ ಪಡೆದು ಎಪಿಎಸ್-ಸಿ ಲೆನ್ಸ್‌ಗಳನ್ನು ಘೋಷಿಸಿದವು. 56 ಎಂಎಂ ಎಫ್ 1.4 ಹೀಗೆ ಕ್ಯಾನನ್‌ನವರ ಕೈಗೂ ಸಿಕ್ಕಿತು. ಕ್ಯಾನನ್ ಫುಲ್ ಫ್ರೇಮ್ ಇಟ್ಟುಕೊಂಡವರಿಗೆ ಒಂದು ಒಳದಾರಿ ಇದೆ: ಹಳೆಯ ಇಎಫ್ ಮೌಂಟ್‌ಗೆ ಬಂದ ಥರ್ಡ್ ಪಾರ್ಟಿ ಲೆನ್ಸ್ ಕೊಂಡು ಅಡಾಪ್ಟರ್ ಹಾಕಿಕೊಳ್ಳುವುದು. ನಡುವೆ ಗಾಜು ಇಲ್ಲದ, ಬರೀ ದೂರ ತುಂಬುವ ಕೊಳವೆ ಅದು. ಚಿತ್ರದ ಗುಣಮಟ್ಟ ಕೆಡಲ್ಲ, ಉದ್ದ ಮತ್ತು ತೂಕ ಮಾತ್ರ ಸೇರುತ್ತವೆ.

ಭಾಷೆ ಬಂದರೂ ಕೆಲವು ಮನೆಗಳಲ್ಲಿ ಅಡುಗೆಮನೆ ತನಕ ಬಿಡಲ್ಲ. ಸೋನಿಯ ವೇಗದ ಕ್ಯಾಮೆರಾಗಳು ಸೆಕೆಂಡಿಗೆ 20, 30 ಫೋಟೊ ತೆಗೆಯುತ್ತವೆ. ಥರ್ಡ್ ಪಾರ್ಟಿ ಲೆನ್ಸ್ ಹಾಕಿದರೆ 15ಕ್ಕೆ ನಿಲ್ಲುತ್ತವೆ. ವಿಡಿಯೋದಲ್ಲಿ ಫೋಕಸ್ ಬದಲಾದಾಗ ಚೌಕಟ್ಟು ಹಿಗ್ಗಿ ಕುಗ್ಗುವುದನ್ನು ಬ್ರೀದಿಂಗ್ ಅನ್ನುತ್ತಾರೆ. ಅದನ್ನು ಸರಿದೂಗಿಸುವ ಸೌಲಭ್ಯ ಸೋನಿ ಕ್ಯಾಮೆರಾಗಳಲ್ಲಿದೆ, ಆದರೆ ಅದು ಸೋನಿಯದೇ ಕೆಲವು ಲೆನ್ಸ್‌ಗಳಿಗೆ. ಕೂತವರ ಪೋರ್ಟ್ರೇಟ್ ತೆಗೆಯುವವರಿಗೆ ಇವೆರಡೂ ಬೇಕಾಗಿಯೇ ಇಲ್ಲ. ಓಡುವ ಮಕ್ಕಳ ಹಿಂದೆ ಬೀಳುವವರು, ವಿಡಿಯೋ ಮಾಡುವವರು ಮಾತ್ರ ಯೋಚಿಸಬೇಕು.

ಫರ್ಮ್‌ವೇರ್ ಹಾಕಲು ದಾರಿ ಯಾವುದು ಅಂತ ಕೊಳ್ಳುವ ಮುಂಚೆಯೇ ನೋಡಿ. ಕೆಲವು ಲೆನ್ಸ್‌ಗಳಲ್ಲೇ ಯುಎಸ್‌ಬಿ-ಸಿ ಕಿಂಡಿ ಇರುತ್ತದೆ, ಕೇಬಲ್ ಸಿಕ್ಕಿಸಿದರೆ ಮುಗಿಯಿತು. ಕೆಲವನ್ನು ಕ್ಯಾಮೆರಾ ಮೂಲಕವೇ ಮಾಡಬಹುದು. ಕೆಲವಕ್ಕೆ ಡಾಕ್ ಅನ್ನುವ, ಲೆನ್ಸನ್ನು ಕಂಪ್ಯೂಟರ್‌ಗೆ ಜೋಡಿಸುವ ಬೇರೆ ಸಾಧನ ಕೊಳ್ಳಬೇಕು. ದಾರಿಯೇ ಇಲ್ಲದ ಆಟೋಫೋಕಸ್ ಲೆನ್ಸ್ ಎಷ್ಟೇ ಅಗ್ಗವಾಗಿ ಸಿಕ್ಕರೂ ನಾನು ಮುಟ್ಟಲ್ಲ. ತಯಾರಕರ ಡೌನ್‌ಲೋಡ್ ಪುಟಕ್ಕೆ ಹೋಗಿ ಆ ಲೆನ್ಸ್‌ಗೆ ಇದುವರೆಗೆ ಎಷ್ಟು ಫರ್ಮ್‌ವೇರ್ ಬಂದಿವೆ, ಕೊನೆಯದು ಯಾವಾಗ ಬಂತು ಅಂತ ನೋಡುವುದು ನನ್ನ ರೂಢಿ. ಹತ್ತು ರಿವ್ಯೂ ಓದುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ. ಹಾಗೇ ಕ್ಯಾಮೆರಾಗೆ ಹೊಸ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಬೇಡಿ. ಲೆನ್ಸ್‌ನವರು ಏನನ್ನುತ್ತಾರೆ ನೋಡಿ, ಆಮೇಲೆ ಹಾಕಿ.

ತೂಕ

2016ರಲ್ಲಿ ಸಿಗ್ಮಾ ಡಿಎಸ್‌ಎಲ್‌ಆರ್‌ಗಳಿಗೆ ಮಾಡಿದ 85 ಎಂಎಂ ಎಫ್ 1.4 ಆರ್ಟ್ ಲೆನ್ಸ್ 1,130 ಗ್ರಾಂ ಇತ್ತು. ಮಿರರ್‌ಲೆಸ್‌ಗೆಂದೇ 2020ರಲ್ಲಿ ಮಾಡಿದ ಅದೇ ಅಳತೆಯ ಲೆನ್ಸ್ ಸುಮಾರು 630 ಗ್ರಾಂ. ಅರ್ಧ ಕಿಲೊ ಎಲ್ಲಿ ಹೋಯಿತು?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ಗೂ ಸೆನ್ಸರ್‌ಗೂ ನಡುವೆ ಕನ್ನಡಿ ಇತ್ತು. ಕ್ಯಾನನ್ ಇಎಫ್‌ನಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ 44 ಮಿ.ಮೀ. ಸೋನಿ ಇ-ಮೌಂಟ್‌ನಲ್ಲಿ 18, ನಿಕಾನ್ ಝಡ್‌ನಲ್ಲಿ 16. ಕನ್ನಡಿ ಹೋದ ಮೇಲೆ ಗಾಜನ್ನು ಸೆನ್ಸರ್‌ಗೆ ಹತ್ತಿರ ಇಡಬಹುದು, ವಿನ್ಯಾಸಕ್ಕೆ ಕೈಕಾಲು ಆಡಿಸುವ ಜಾಗ ಸಿಕ್ಕಿತು. ಇನ್ನೊಂದು ಕಾರಣವೂ ಇದೆ. ಗೆರೆಗಳು ಬಾಗುವ ದೋಷವನ್ನು ಪೂರ್ತಿ ಗಾಜಿನಲ್ಲೇ ತಿದ್ದದೆ, ಒಂದಷ್ಟನ್ನು ಕ್ಯಾಮೆರಾದ ಸಾಫ್ಟ್‌ವೇರ್‌ಗೆ ಬಿಟ್ಟರು. ಆ ತಿದ್ದುಪಡಿ ಆರಿಸಿದರೆ ಈ ಲೆನ್ಸ್‌ನಲ್ಲಿ ನೇರ ಗೆರೆ ಒಳಕ್ಕೆ ಬಾಗುವುದು ಕಣ್ಣಿಗೇ ಕಾಣುತ್ತದೆ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ಕಟ್ಟಡ ತೆಗೆಯುವವರಾದರೆ ನಾನೂ ಗೊಣಗುತ್ತಿದ್ದೆನೇನೋ. ಮುಖ ತೆಗೆಯುವವನಿಗೆ ಅರ್ಧ ಕಿಲೊ ಇಳಿದದ್ದೇ ಲಾಭ.

ಎಫ್ 1.8ಗೆ ಇಳಿದರೆ ತೂಕ ಇನ್ನೂ ಇಳಿಯುತ್ತದೆ. ಇಲ್ಲಿ ಥರ್ಡ್ ಪಾರ್ಟಿಯವರಿಗೆ ಕ್ಯಾಮೆರಾ ಕಂಪನಿಗಳೇ ಗಟ್ಟಿ ಪೈಪೋಟಿ ಕೊಡುತ್ತವೆ. ಸೋನಿಯ 85 ಎಂಎಂ ಎಫ್ 1.8 ಬರೀ 371 ಗ್ರಾಂ. ನಿಕಾನ್ ಝಡ್‌ನ 85 ಎಂಎಂ ಎಫ್ 1.8 470 ಗ್ರಾಂ. ಕ್ಯಾನನ್ ಆರ್‌ಎಫ್‌ನ 85 ಎಂಎಂ ಎಫ್ 2 500 ಗ್ರಾಂ, ಅದರಲ್ಲಿ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇದೆ, ಅರ್ಧ ಅಳತೆಯ ಮ್ಯಾಕ್ರೋ (ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವುದು) ಕೂಡ ಆಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎಫ್ 1.8 ವರ್ಗದಲ್ಲಿ ಥರ್ಡ್ ಪಾರ್ಟಿಗೂ ಸ್ವಂತ ಲೆನ್ಸ್‌ಗೂ ಬೆಲೆಯಲ್ಲಿ ಕೊಂಚವೇ ವ್ಯತ್ಯಾಸ ಇದ್ದರೆ ಸ್ವಂತದ್ದೇ ತಗೊಳ್ಳಿ. ಫರ್ಮ್‌ವೇರ್ ತಲೆನೋವು ಇರಲ್ಲ. ಎಫ್ 1.4 ಮತ್ತು 1.2ರಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಅಲ್ಲಿ ಕ್ಯಾಮೆರಾ ಕಂಪನಿಗಳ ಲೆನ್ಸ್‌ಗಳು ತೀರಾ ದುಬಾರಿ, ಥರ್ಡ್ ಪಾರ್ಟಿಯ ನಿಜವಾದ ಅಖಾಡ ಅದು. ಎಪಿಎಸ್-ಸಿಯಲ್ಲಂತೂ ಸಿಗ್ಮಾ 56 ಎಂಎಂ ಎಫ್ 1.4 ಸುಮಾರು 280 ಗ್ರಾಂ, ಕೋಟಿನ ಜೇಬಿಗೆ ಹೋಗುತ್ತದೆ. ಅದಕ್ಕೆ ಬೇರೆ ಲೆನ್ಸ್ ಹೋಲಿಸಿ ನೋಡದೆಯೇ ಕೊಂಡವರನ್ನು ನಾನು ಬೈಯಲ್ಲ.

ಮಸುಕಿನ ರುಚಿ

ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅನ್ನುವುದು ಲೆಕ್ಕ. ಹೇಗೆ ಮಸುಕಾಗುತ್ತದೆ ಅನ್ನುವುದು ಆ ಲೆನ್ಸ್‌ನ ಗುಣ. ಇದನ್ನೇ ಬೋಕೆ ಅನ್ನುವುದು. ಚಾರ್ಟ್‌ಗಳಲ್ಲಿ ಸಿಗದ ಈ ವಿಷಯಕ್ಕೆ ಮಾದರಿ ಫೋಟೊಗಳನ್ನೇ ನೋಡಬೇಕು. ಅದರಲ್ಲೂ ರಾತ್ರಿ ದೀಪಗಳಿರುವವು, ಮತ್ತು ಹಿಂದೆ ಗಿಡದ ಎಲೆಗಳಿರುವವು.

ದೀಪದ ಬಿಲ್ಲೆಯೊಂದನ್ನು ಹಿಗ್ಗಿಸಿ. ಒಳಗೆ ಈರುಳ್ಳಿ ಕೊಯ್ದ ಹಾಗೆ ಸುತ್ತು ಸುತ್ತು ಗೆರೆ ಕಂಡರೆ, ಆಸ್ಫೆರಿಕಲ್ (ಗೋಳದ ಬಾಗಿಲ್ಲದ) ಗಾಜಿನ ಮೇಲ್ಮೈಯಲ್ಲಿ ಉಳಿದ ಅತಿ ಸಣ್ಣ ಏರಿಳಿತ ಅದಕ್ಕೆ ಕಾರಣ. ಬಿಲ್ಲೆಯ ಅಂಚು ಒಳಭಾಗಕ್ಕಿಂತ ಹೊಳೆಯುತ್ತಿದ್ದರೆ ಎಲೆಗಳ ಹಿನ್ನೆಲೆ ಕಿರಿಕಿರಿಯಾಗುತ್ತದೆ, ಒಂದೊಂದು ಕಡ್ಡಿಯೂ ಎರಡೆರಡಾಗಿ ಕಾಣುತ್ತದೆ. ಒಳಗಿನಿಂದ ಹೊರಗೆ ಮೆಲ್ಲಗೆ ಮಾಸಿಹೋಗುವ ಬಿಲ್ಲೆಯೇ ಚೆಂದ. ಚೌಕಟ್ಟಿನ ಮೂಲೆಗೆ ಹೋದಂತೆ ಬಿಲ್ಲೆಗಳು ಬೆಕ್ಕಿನ ಕಣ್ಣಿನ ಹಾಗೆ ಚಪ್ಪಟೆಯಾಗುತ್ತವೆ. ಎಫ್ 1.4 ಲೆನ್ಸ್‌ಗಳಲ್ಲಿ ಇದು ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ, ಮೂಲೆಯ ಬೆಳಕನ್ನು ಲೆನ್ಸ್‌ನ ಕೊಳವೆಯೇ ಕತ್ತರಿಸುವುದರಿಂದ ಹೀಗಾಗುತ್ತದೆ. ಎಷ್ಟು ಅನ್ನುವುದಷ್ಟೇ ಪ್ರಶ್ನೆ.

ಬಣ್ಣದ ಅಂಚನ್ನೂ ನೋಡಿ. ಅಪರ್ಚರ್ ಪೂರ್ತಿ ತೆರೆದಾಗ ಫೋಕಸ್‌ಗಿಂತ ಹಿಂದೆ ಇರುವ ಅಂಚುಗಳು ಹಸಿರು, ಮುಂದೆ ಇರುವವು ನೇರಳೆ ಆಗುವ ದೋಷ ಒಂದಿದೆ. ಬಿಳಿ ಅಂಗಿಯ ಗುಂಡಿ, ಕನ್ನಡಕದ ಚೌಕಟ್ಟು, ಬೆಳ್ಳಿಯ ಓಲೆ, ಇಂಥ ಕಡೆ ತಕ್ಷಣ ಎದ್ದು ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ತೆಗೆಯಲು ಹೋದರೆ ಪಕ್ಕದ ಚರ್ಮದ ಬಣ್ಣವೂ ಕೆಡುತ್ತದೆ. ನನಗೆ ಸ್ವಲ್ಪ ಮೃದುವಾದ ಲೆನ್ಸ್ ಓಕೆ, ಈ ಹಸಿರು ಓಕೆ ಅಲ್ಲ.

ಕೈಯಲ್ಲೇ ಫೋಕಸ್ ಮಾಡುವ ಥರ್ಡ್ ಪಾರ್ಟಿ ಲೆನ್ಸ್‌ಗಳೂ ಬೇಕಾದಷ್ಟಿವೆ. ಎಫ್ 1.2, ಎಫ್ 0.95 ಅಂತ ಆಸೆ ಹುಟ್ಟಿಸುವ ಸಂಖ್ಯೆಗಳು, ಕೈಗೆಟಕುವ ಬೆಲೆ. ಕಾಂಟ್ಯಾಕ್ಟ್ ಇಲ್ಲದ ಲೆನ್ಸ್ ಆದರೆ ಅದರ ಫೋಕಲ್ ಲೆಂತ್ ಎಷ್ಟು ಅಂತ ಕ್ಯಾಮೆರಾಗೆ ನೀವೇ ಹೇಳಬೇಕು. ಇಲ್ಲದಿದ್ದರೆ ಸೆನ್ಸರ್‌ನ ಸ್ಟೆಬಿಲೈಸೇಶನ್ ತಪ್ಪು ಲೆಕ್ಕದಲ್ಲಿ ಅಲ್ಲಾಡುತ್ತದೆ. ತಾಳ್ಮೆಯಿಂದ ಕೂರುವವರ ಫೋಟೊಗೆ ಇವು ಸೊಗಸು. ಮಕ್ಕಳಿಗೆ ಬೇಡ, ಸುಮ್ನೆ ಜಗಳ.

ಲೆನ್ಸ್ ಕೈಗೆ ಬಂದ ಮೇಲೆ

ಥರ್ಡ್ ಪಾರ್ಟಿಯಿರಲಿ, ಯಾರದೇ ಇರಲಿ, ಒಂದೇ ಮಾಡೆಲ್‌ನ ಎರಡು ಲೆನ್ಸ್ ತದ್ರೂಪು ಇರಲ್ಲ. ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಒಂದು ಮಗ್ಗುಲು ಮಸುಕು ಬರುತ್ತದೆ. ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ ಇದನ್ನು ಹಿಡಿಯಬೇಕು.

ನಾನು ಮಾಡುವುದು ಹೀಗೆ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು, ದೂರದ ಒಂದು ಬೋರ್ಡನ್ನು ಚೌಕಟ್ಟಿನ ನಾಲ್ಕೂ ಮೂಲೆಗಳಲ್ಲಿ ಒಂದೊಂದು ಸಲ ಬರುವ ಹಾಗೆ ತೆಗೆಯುತ್ತೇನೆ. ಪ್ರತಿ ಸಲವೂ ಆ ಬೋರ್ಡಿನ ಮೇಲೇ ಹೊಸದಾಗಿ ಫೋಕಸ್. ನಾಲ್ಕು ಮೂಲೆಯೂ ಕೊಂಚ ಮೆತ್ತಗಿದ್ದರೆ ಅದು ಆ ಲೆನ್ಸ್‌ನ ಸ್ವಭಾವ. ಮೂರು ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ ವಾಪಸ್ ಕೊಡುವ ಯೋಚನೆ ಮಾಡಿ.

ಆಮೇಲೆ ಮುಖ್ಯ ಪರೀಕ್ಷೆ. ಮನೆಯಲ್ಲಿ ಯಾರನ್ನಾದರೂ ಕಿಟಕಿ ಪಕ್ಕ ಕೂರಿಸಿ, ಒಂದೂವರೆ ಮೀಟರ್ ದೂರದಿಂದ, ಕಣ್ಣಿನ ಫೋಕಸ್ ಆನ್ ಮಾಡಿ, ಎಫ್ 1.4ರಲ್ಲಿ ಮೂವತ್ತು ಫೋಟೊ. ಹತ್ತು ಸುಮ್ನೆ ಕೂತಿದ್ದಾಗ, ಹತ್ತು ಅವರು ಮಾತಾಡುತ್ತಿರುವಾಗ, ಹತ್ತು ಅವರು ನಿಮ್ಮ ಕಡೆ ನಿಧಾನ ನಡೆದು ಬರುವಾಗ. ಸಂಜೆ ಬೆಳಕು ಇಳಿದ ಮೇಲೆ ಮತ್ತೊಮ್ಮೆ ಅದೇ. ಆಮೇಲೆ ಕಣ್ಣನ್ನು ಪೂರ್ತಿ ಹಿಗ್ಗಿಸಿ ಎಣಿಸಿ: ಪಾಪೆಯ ಮೇಲೆ ಬಿದ್ದದ್ದು ಎಷ್ಟು, ರೆಪ್ಪೆಯ ಮೇಲೆ ಎಷ್ಟು, ಕಿವಿಯ ಮೇಲೆ ಎಷ್ಟು. ಸುಮ್ನೆ ಕೂತ ಹತ್ತರಲ್ಲೇ ಮೂರ್ನಾಲ್ಕು ತಪ್ಪಿದರೆ ಮೊದಲು ಹೊಸ ಫರ್ಮ್‌ವೇರ್ ಇದೆಯಾ ನೋಡಿ, ಹಾಕಿ, ಇನ್ನೊಂದು ಸಲ ಎಣಿಸಿ. ಆಗಲೂ ಅಷ್ಟೇ ಬಂದರೆ ಡಬ್ಬಕ್ಕೆ ಹಾಕಿ ಕಳಿಸಿಬಿಡಿ. ಅದಕ್ಕೇ ಡಬ್ಬ, ಥರ್ಮೋಕೋಲು, ಬಿಲ್ಲು ಇದ್ಯಾವುದನ್ನೂ ಆ ಸಂಜೆಯವರೆಗೆ ಎಸೆಯಬೇಡಿ.